ಸುಗ್ಗಿ ಎಂದರೆ ವಸಂತವೋ, ರಾಶಿಯೋ?

ಪ್ರಶ್ನೆ

ಎಲ್ಲರಿಗೂ ಶರಣು.

ಒಂದು ಒಕ್ಕಲು ಮನೆತನದ ವರ್ಷಪೂರ್ತಿ ಬದುಕನ್ನು ತೋರಿಸುವ ಮಕ್ಕಳ ಚಿತ್ರಪುಸ್ತಕಕ್ಕೆ ಕನ್ನಡ ಪಠ್ಯ ಸಿದ್ಧವಾಗುತ್ತಿದೆ. ಮೂಲ ಚಳಿದೇಶದ್ದು. ಅಲ್ಲಿ ಹಿಮ ಕರಗಿದ ಮೇಲೆ ವಸಂತ ಬರುತ್ತದೆ, ಮನೆಮಂದಿಯೆಲ್ಲ ಹಸಿ ನೆಲಕ್ಕಿಳಿದು ಉಳುತ್ತಾರೆ, ಬಿತ್ತುತ್ತಾರೆ. ಪುಸ್ತಕ ಹೋಗುವುದು ಕಲಬುರಗಿ, ಬೀದರ, ಯಾದಗಿರಿ ಶಾಲೆಗಳಿಗೆ. ಹಾಗಾಗಿ ಋತುವನ್ನೂ ಕೆಲಸವನ್ನೂ ಈ ಕಡೆಯ ಹೊಲಕ್ಕೆ ಒಗ್ಗಿಸಬೇಕಾಗಿದೆ.

ಮೊದಲ ಸಾಲೇ ಸಿಕ್ಕಿಕೊಂಡಿದೆ: ‘ವಸಂತ ಬಂತು, ರೈತ ಹೊಲ ಉಳತೊಡಗಿದ.’ ಹೊಲದಲ್ಲಿ ದುಡಿಯುವವರ ಬಾಯಲ್ಲಿ ವಸಂತ ಎಂಬ ಮಾತಿಲ್ಲ. ಅದರ ಬದಲು ಸುಗ್ಗಿ ಎನ್ನಬಹುದೇ? ನಿಘಂಟಿನಲ್ಲಿ ಸುಗ್ಗಿಗೆ ವಸಂತ ಎಂಬ ಅರ್ಥವೂ ಇದೆ, ಬೆಳೆ ಕೊಯ್ಲಿನ ಕಾಲ ಎಂಬ ಅರ್ಥವೂ ಇದೆ. ಬೆಂಗಳೂರು ಕಡೆಯವರಿಗೆ ಸುಗ್ಗಿ ಎಂದರೆ ಸಂಕ್ರಾಂತಿ. ಇನ್ನು ‘ಉಳು’ ಎಂಬ ಕ್ರಿಯಾಪದ ಈ ಕಾಲಕ್ಕೆ ಸರಿಯೇ? ಕೊನೆಯದಾಗಿ, ಯುಗಾದಿ ಪುಟದಲ್ಲಿ ‘ಬೇವು ಕುಡಿದರು’ ಎಂದು ಬರೆದದ್ದನ್ನು ತಿದ್ದುವವರು ‘ಬೇವು–ಬೆಲ್ಲ ತಿಂದರು’ ಎಂದು ಬದಲಿಸಿದ್ದಾರೆ. ಯಾವುದನ್ನು ಇಡಬೇಕು?

ಉತ್ತರ (ಆಳಂದ ಕಡೆಯಿಂದ)

ಶರಣು. ಎರಡೂ ಅರ್ಥ ಸರಿ. ಹಿಂಗಾರಿ ಬೆಳೆಯ ನಾಡಿನಲ್ಲಿ ಅವೆರಡೂ ಒಂದೇ ಕಾಲಕ್ಕೆ ಬೀಳುತ್ತವೆ. ಬೆಳೆಯ ಲೆಕ್ಕ ನೋಡಿ. ಎರಿ (ಕಪ್ಪುಮಣ್ಣಿನ) ಹೊಲದಲ್ಲಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹೆಚ್ಚುಕಡಿಮೆ 4 ತಿಂಗಳ ಬೆಳೆ, ಅಂದರೆ ಕಟಾವು ಜನವರಿ–ಫೆಬ್ರವರಿಗೆ, ಒಣಗಿಸಿ ರಾಶಿಗೆ ಬರುವುದು ಫೆಬ್ರವರಿ–ಮಾರ್ಚಿಗೆ. ಅಕ್ಟೋಬರಿನಲ್ಲಿ ಬಿದ್ದ ಕಡಲೆ ಫೆಬ್ರವರಿ ಹೊತ್ತಿಗೆ ಒಣಗಿ ನಿಲ್ಲುತ್ತದೆ, ಕುಸುಬೆ ಅದರ ಹಿಂದೆಯೇ. ತೊಗರಿ ಮಾತ್ರ ಮುಂಗಾರಿನಲ್ಲಿ ಬಿತ್ತಿದ್ದು, ಡಿಸೆಂಬರ್–ಜನವರಿಯಲ್ಲೇ ಮನೆ ಸೇರಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ಹೊತ್ತಿಗೆ ಚಿಂಚೋಳಿ ಕಾಡಿನಲ್ಲಿ ಮುತ್ತಲದ ಗಿಡ ಎಲೆ ಉದುರಿಸಿ ಕೆಂಪು ಹೂ ತಳೆದಿರುತ್ತದೆ, ಬೇವು ಚಿಗುರಲು ಶುರು. ಅದೇ ವಾರಗಳಲ್ಲಿ ಕಣದಲ್ಲಿ ರಾಶಿ. ಚಿಗುರಿನ ಕಾಲಕ್ಕೂ ಕಾಳಿನ ಕಾಲಕ್ಕೂ ಇಲ್ಲಿ ಬೇರೆ ಬೇರೆ ಹೆಸರು ಬೇಕಾಗಿರಲಿಲ್ಲ.

ಇದು ನಮ್ಮ ಕಡೆಗಷ್ಟೇ ಸೀಮಿತವಾದ ಮಾತಲ್ಲ. ತುಳುವರ ವರ್ಷದ ಕೊನೆಯ ತಿಂಗಳ ಹೆಸರೇ ಸುಗ್ಗಿ, ಅದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಅವರ ಎರಡನೇ ಭತ್ತದ ಬೆಳೆಯೂ ಸುಗ್ಗಿಯೇ. ಉತ್ತರ ಕನ್ನಡದ ಹಾಲಕ್ಕಿಗಳ ಸುಗ್ಗಿ ಕುಣಿತ ಹೋಳಿಯ ಆಸುಪಾಸು ನಡೆಯುತ್ತದೆ. ರಾಗಿಯ ನಾಡಿನಲ್ಲಿ ಮುಂಗಾರು ಬೆಳೆಯೇ ಮುಖ್ಯವಾದ್ದರಿಂದ ಕಣದ ಕೆಲಸ ಸಂಕ್ರಾಂತಿಗೇ ಮುಗಿಯುತ್ತದೆ, ಹಾಗಾಗಿ ಅಲ್ಲಿ ಸುಗ್ಗಿ ಚಳಿಯೊಳಗೆ ಸರಿದು ವಸಂತದ ಅರ್ಥ ಕಳಚಿಕೊಂಡಿದೆ.

ಇನ್ನೊಂದು ಜೋಡಿ ಮಾತೂ ಇದನ್ನೇ ಹೇಳುತ್ತದೆ. ನಿಜಾಮನ ಕಾಲದಿಂದ ಕಂದಾಯದ ಕಾಗದಪತ್ರದಲ್ಲಿ, ಈಗಲೂ ಕೃಷಿ ಇಲಾಖೆಯ ಬಾಯಲ್ಲಿ ಇರುವ ‘ರಬಿ’ ಎಂಬುದಕ್ಕೆ ಅರಬ್ಬಿಯಲ್ಲಿ ಅರ್ಥ ವಸಂತ. ‘ಖರೀಫ್’ ಎಂದರೆ ಶರತ್ಕಾಲ. ಎರಡೂ ಬೆಳೆ ಕೈಗೆ ಬರುವ ಕಾಲದ ಹೆಸರು. ಕನ್ನಡದವರು ಅದೇ ಬೆಳೆಗಳಿಗೆ ಮುಂಗಾರಿ, ಹಿಂಗಾರಿ ಎಂದು ಬಿತ್ತುವಾಗಿನ ಮಳೆಯ ಹೆಸರಿಟ್ಟರು. ಒಂದೇ ಜೋಳವನ್ನು ಸರ್ಕಾರ ತೆನೆಯ ಕಡೆಯಿಂದ ಕರೆಯಿತು, ಒಕ್ಕಲಿಗ ಬೀಜದ ಕಡೆಯಿಂದ. ಕಂದಾಯ ಎತ್ತುವವನಿಗೆ ಬೆಳೆ ಯಾವಾಗ ಬರುತ್ತದೆ ಎಂಬುದೇ ಮುಖ್ಯವಲ್ಲವೇ!

ಆದರೆ ಪಂಚಾಂಗದ ವಸಂತವನ್ನು ಪುಸ್ತಕಕ್ಕೆ ತರಬೇಡಿ. ಅದು ಚೈತ್ರ–ವೈಶಾಖ, ಅಂದರೆ ಯುಗಾದಿಯಿಂದ ಮುಂದಕ್ಕೆ. ಆ ಹೊತ್ತಿಗೆ ಕಲಬುರಗಿಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತಿರುತ್ತದೆ. ಬೇಸಗೆ ಎಂಬ ಮಾತೇ ವೈಶಾಖದ ತದ್ಭವ. ವಸಂತದ ಎರಡನೇ ತಿಂಗಳನ್ನು ಕನ್ನಡಿಗರು ಆಗಲೇ ಬಿಸಿಲಿಗೆ ಬಿಟ್ಟುಕೊಟ್ಟಿದ್ದಾರೆ. ನಿಮ್ಮ ಪುಟಕ್ಕೆ ಬೇಕಾದ ಹವೆ ಶಿವರಾತ್ರಿಯಿಂದ ಹೋಳಿ ಹುಣ್ಣಿಮೆಯವರೆಗಿನದು.

ದಿನದ ಮಾತಿನಲ್ಲಿ ಸುಗ್ಗಿಗಿಂತ ‘ರಾಶಿ’ ಹೆಚ್ಚು. ‘ರಾಶಿ ಆದ್ವೇನ್ರೀ?’ ಎಂದರೆ ‘ಇನ್ನಾ ಇಲ್ರೀ, ಮಷಿನ್ ಬರವಲ್ದು’ ಎಂಬ ಉತ್ತರ. ಕಾಳಿನ ಗುಡ್ಡೆಯೂ ರಾಶಿ, ಅದನ್ನು ಮಾಡುವ ಕೆಲಸವೂ ರಾಶಿ, ಒಕ್ಕುವ ಯಂತ್ರ ‘ರಾಶಿ ಮಷಿನ್’. ಸುಗ್ಗಿ ಋತುವನ್ನು ಹೇಳುತ್ತದೆ, ರಾಶಿ ಕೆಲಸವನ್ನು. ಪುಸ್ತಕದ ಮೊದಲ ಸಾಲು ‘ಸುಗ್ಗಿ ಬಂತು, ಹೊಲದಾಗ ರಾಶಿ ಸುರುವಾತು’ ಎಂದಿದ್ದರೆ ಮೂರೂ ಜಿಲ್ಲೆಯ ಮಕ್ಕಳಿಗೆ ವಿವರಣೆ ಬೇಡ.

ಕೆಲಸದ ಮಾತುಗಳು ಬೆಳೆಯಿಂದ ಬೆಳೆಗೆ ಬದಲಾಗುತ್ತವೆ, ಎಲ್ಲಕ್ಕೂ ‘ಕೊಯ್ದರು’ ಎಂದು ಹಾಕಬೇಡಿ. ಹಿಂಗಾರಿ ಜೋಳವನ್ನು ಬಹಳ ಕಡೆ ಬೇರುಸಹಿತ ಕೀಳುತ್ತಾರೆ. ಎರಿ ನೆಲ ಬಿರುಕು ಬಿಟ್ಟು ಬೇರು ಸಡಿಲವಾಗಿರುತ್ತದೆ, ಕಣಿಕೆಯ (ಜೋಳದ ಒಣ ದಂಟಿನ) ಒಂದು ಗೇಣೂ ಹೊಲದಲ್ಲಿ ಉಳಿಯುವುದಿಲ್ಲ, ಮುಂದೆ ನೆಲ ಹರಗುವ ಕುಂಟೆಗೆ ಬುಡದ ಕೂಳೆ ಅಡ್ಡ ಬರುವುದಿಲ್ಲ. ಕಿತ್ತದ್ದನ್ನು ಸಿವುಡು (ಸಣ್ಣ ಕಟ್ಟು) ಕಟ್ಟಿ, ಗೂಡು ಹಾಕಿ ಒಣಗಿಸಿ, ಆಮೇಲೆ ತೆನೆ ಮುರಿಯುವುದು. ಕಣಿಕೆ ಬಣವೆಗೆ ಹೋಗುತ್ತದೆ. ಈ ಮನೆಗಳಲ್ಲಿ ಕಾಳಿನಷ್ಟೇ ಕಣಿಕೆಗೂ ಬೆಲೆ, ಮಳೆಗಾಲದವರೆಗೆ ಎತ್ತಿನ ಹೊಟ್ಟೆ ಅದರ ಮೇಲೆ. ಬಣವೆಯ ನೆತ್ತಿ ಇಳಿಜಾರಾಗಿ ಮುಚ್ಚದಿದ್ದರೆ ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ನೀರು ನಡುವೆ ಇಳಿದು ಒಳಗೆ ಬೂಸ್ಟು ಹಿಡಿಯುತ್ತದೆ, ಆ ಮೇವನ್ನು ದನ ಮೂಸಿ ಬಿಡುತ್ತವೆ.

ಕಡಲೆಯನ್ನು ನಸುಕಿನಲ್ಲಿ, ಇಬ್ಬನಿ ಇರುವಾಗಲೇ ಕೀಳಬೇಕು. ಬಿಸಿಲೇರಿದರೆ ಕಾಯಿ ಬಿರಿದು ಕಾಳು ನೆಲಕ್ಕೆ. ಒಕ್ಕುವುದು ಮಾತ್ರ ಉಲ್ಟಾ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ. ಹಸಿ ಗಿಡ ಹಾಕಿದರೆ ಮಷಿನ್ನಿನ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಕಾಯಿ ಒಡೆಯದೆ ಹೊಟ್ಟಿನ ಜೊತೆ ಹೊರಗೆ ಹಾರುತ್ತದೆ. ಜೋಳಕ್ಕೆ ಇಟ್ಟ ವೇಗದಲ್ಲೇ ಕಡಲೆ ಹಾಕಿದರೆ ಕಾಳು ಸೀಳಿ ಬೇಳೆಯಾಗುತ್ತದೆ. ಬೇಳೆ ಬೆರೆತ ಚೀಲಕ್ಕೆ ಅಡತಿಯಲ್ಲಿ (ದಲಾಲಿ ಅಂಗಡಿಯಲ್ಲಿ) ದರ ಇಳಿಯುತ್ತದೆ, ಬೀಜಕ್ಕಂತೂ ಬಾರದು. ಕುಸುಬೆಯನ್ನೂ ಇಬ್ಬನಿಯಲ್ಲೇ ಕೀಳುವುದು, ಆದರೆ ಕಾರಣ ಬೇರೆ: ಆ ಹೊತ್ತಿಗೆ ಮುಳ್ಳು ಮೆತ್ತಗಿರುತ್ತದೆ. ಚಿತ್ರದಲ್ಲಿ ಕೈಗೆ ಅರಿವೆ ಸುತ್ತಿಕೊಂಡ ಹೆಂಗಸರನ್ನು ಬಿಡಿಸಲು ಹೇಳಿ.

ಹಳೆಯ ಪದ್ಧತಿಯ ಕಣ ಬೇಕೆಂದರೆ ಅದರ ಪದಗಳು ಇವು. ಎರಿ ನೆಲವನ್ನು ಹಾಗೇ ಬಿಟ್ಟರೆ ಬಿರುಕಿನೊಳಗೆ ಕಾಳು ಇಳಿಯುತ್ತದೆ. ಆದ್ದರಿಂದ ಗಟ್ಟಿ ಜಾಗ ನೋಡಿ, ಹುಲ್ಲು ಕೆತ್ತಿ, ನೀರು ಹಾಕಿ, ಹೊಟ್ಟು ಚೆಲ್ಲಿ ದನಗಳಿಂದ ತುಳಿಸುತ್ತಿದ್ದರು. ಆಮೇಲೆ ಸೆಗಣಿ ಸಾರಣೆ. ನಡುವಿನ ಕಂಬ ಮೇಟಿ. ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳೆಲ್ಲ ಸೇರಿ ಹಂತಿ, ಹಂತಿ ಹೊಡೆಯುವಾಗ ರಾತ್ರಿಯೆಲ್ಲ ಹಾಡುತ್ತಿದ್ದದ್ದು ಹಂತಿ ಪದ. ಮೇಟಿಗೆ ಹತ್ತಿರ ಇದ್ದಲ್ಲೇ ತಿರುಗುವ ನಿಧಾನಿ ಎತ್ತು, ಹೊರ ತುದಿಗೆ ಹೆಚ್ಚು ದೂರ ನಡೆಯಬೇಕಾದ ಚುರುಕಿನದು. ಅದಲುಬದಲಾದರೆ ಹಂತಿ ಎಳೆದಾಡಿಕೊಂಡು ನಿಲ್ಲುತ್ತದೆ. ಕಾಳನ್ನು ಗಾಳಿಗೆ ಹಿಡಿಯುವುದು ತೂರುವುದು. ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಾರೆ. ಇದನ್ನು ಪುಸ್ತಕದಲ್ಲಿ ಖಂಡಿತ ಸೇರಿಸಿ, ಮಕ್ಕಳಿಗೆ ಹಿಡಿಸುತ್ತದೆ.

ಈಗ ತಾಡಪತ್ರಿ ಹಾಸಿ ಮಷಿನ್ ನಿಲ್ಲಿಸಿದರೆ ಒಂದೇ ಹಗಲಿನ ಕೆಲಸ. ಆದರೆ ಒಣಗಿಸುವುದು ತಪ್ಪಿಲ್ಲ. ಜೋಳದ ತೇವ ಶೇಕಡಾ 12ಕ್ಕಿಂತ ಹೆಚ್ಚಿದ್ದರೆ ಚೀಲದೊಳಗೆ ಬಿಸಿಯೇರಿ ಹುಳ ಬೀಳುತ್ತದೆ. ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು. ಸುಗ್ಗಿಯ ದೊಡ್ಡ ಭಯ ಅಕಾಲದ ಮಳೆ ಮತ್ತು ಆಣೆಕಲ್ಲು. 2014ರ ಮಾರ್ಚಿನ ಆಣೆಕಲ್ಲು ಮಳೆಯಂಥದ್ದು ಬಿದ್ದರೆ ನಿಂತ ಬೆಳೆ ಮಲಗುತ್ತದೆ, ನೆನೆದ ತೆನೆಯಲ್ಲಿ ಜೋಳ ಕಪ್ಪಾಗುತ್ತದೆ. ಆ ಜೋಳದ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ.

ಈಗ ‘ಉಳು’ವಿನ ವಿಚಾರ. ಅರ್ಥವೇನೋ ಆಗುತ್ತದೆ, ಆದರೆ ಈ ಹೊಲಗಳಲ್ಲಿ ಯಾರೂ ಹಾಗನ್ನುವುದಿಲ್ಲ. ರಾಶಿ ಎತ್ತಿದ ಮೇಲಿನ ಕೆಲಸಕ್ಕೆಲ್ಲ ಸೇರಿ ‘ಹೊಲ ಹಸನ ಮಾಡೋದು’ ಎಂಬ ಮಾತಿದೆ. ಅದರೊಳಗೆ ಮೂರು ಬಗೆ. ತೊಗರಿ ಕೂಳೆ ಕಿತ್ತು ಒಲೆಗೆ ಕೂಡಿಡುವುದು, ಬದುವಿನ ಕಂಟಿ ಕಡಿಯುವುದು ಮೊದಲು. ಆಮೇಲೆ ರಂಟೆ (ನೇಗಿಲು) ಹೊಡೆಯುವುದು, 6ರಿಂದ 9 ಇಂಚು ಆಳಕ್ಕೆ. ಇದು ಪ್ರತಿ ವರ್ಷ ಇಲ್ಲ. ಕರಕಿ, ಜೇಕಿನಂಥ ಕಳೆ ಹಬ್ಬಿದ ಹೊಲಕ್ಕೆ, ಎರಡು ಮೂರು ವರ್ಷಕ್ಕೊಮ್ಮೆ, ಈಗ ಬಹುಪಾಲು ಟ್ರ್ಯಾಕ್ಟರಿನಿಂದ. ಮೇಲೆದ್ದ ಕರಕಿ ಬೇರು ಬಿಸಿಲಿಗೆ ಸಾಯುತ್ತದೆ, ತೊಗರಿ–ಕಡಲೆಯ ಕಾಯಿಕೊರಕದ ಕೋಶಗಳು ಮಣ್ಣಿನಿಂದ ಹೊರಬಿದ್ದು ಹಕ್ಕಿಗಳ ಪಾಲಾಗುತ್ತವೆ. ಮೂರನೆಯದು ಹರಗುವುದು: ಕುಂಟೆಯ ಅಡ್ಡ ಕುಡ (ಕಬ್ಬಿಣದ ಅಲಗು) 2–3 ಇಂಚು ಆಳದಲ್ಲಿ ನೆಲವನ್ನು ಸೀಳಿಕೊಂಡು ಹೋಗುತ್ತದೆ, ಮಣ್ಣು ಮಗುಚುವುದಿಲ್ಲ. ‘ಎಡೆ ಹೊಡೆಯುವುದು’ ಇದರ ಜೊತೆ ಸೇರಬಾರದು, ಅದು ಬೆಳೆ ನಿಂತಿರುವಾಗ ಸಾಲಿನ ನಡುವೆ ಆಡಿಸುವ ಸಣ್ಣ ಕುಂಟೆಯ ಕೆಲಸ.

ಹದ ತಪ್ಪಿದರೆ ಹರಗುವುದೇ ಆಗದು. ಬೆಳೆ ಎತ್ತಿ ತಿಂಗಳು ಬಿಟ್ಟರೆ ಎರಿ ಕಲ್ಲಾಗುತ್ತದೆ, ಕುಡ ಮೇಲೆಯೇ ಜಾರುತ್ತದೆ, ಕುಂಟೆಯ ಮೇಲೆ ಭಾರ ಹೇರಿದರೂ ಎತ್ತಿನ ಕೊರಳು ಹುಣ್ಣಾಗುವುದೊಂದೇ ಫಲ. ಅಡ್ಡಮಳೆ ಬಿದ್ದ ಮರುದಿನವೇ ಇಳಿದರೆ ಮಣ್ಣು ಮುದ್ದೆಯಾಗಿ ಕುಡಕ್ಕೆ ಮೆತ್ತುತ್ತದೆ. ರಂಟೆ ಹೊಡೆದರಂತೂ ಇಟ್ಟಿಗೆಯಷ್ಟು ಹೆಂಟೆ ಏಳುತ್ತವೆ. ಹಿಡಿಯಲ್ಲಿ ಒತ್ತಿದ ಮಣ್ಣು ಉಂಡೆಯಾಗಿ, ಬಿಟ್ಟರೆ ಪುಡಿಯಾಗಿ ಬೀಳುವ ಹೊತ್ತು ಸರಿಯಾದದ್ದು.

ಬಿತ್ತನೆ ಈ ಪುಟದಲ್ಲಿ ಇರಲೇಬಾರದು. ಹೆಸರು, ಉದ್ದು, ತೊಗರಿಗೆ ಕೂರಿಗೆ (ಬಿತ್ತುವ ಸಾಧನ) ಹೂಡುವುದು ಜೂನಿನಲ್ಲಿ, ರೋಹಿಣಿ–ಮೃಗಶಿರಾ ಮಳೆ ನೆಲ ನೆನೆಸಿದ ಮೇಲೆ.

ಸೇರಿಕೆ (ಬೀದರ ಕಡೆಯಿಂದ)

ಮೇಲಿನ ಉತ್ತರ ಎರಿ ಸೀಮೆಗೆ ಸರಿ. ಬೀದರ, ಹುಮನಾಬಾದ ಸುತ್ತಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಮುಂಗಾರಿಯ ಸೋಯಾ, ಉದ್ದು, ಹೆಸರಿನದೇ ದೊಡ್ಡ ರಾಶಿ, ಅದು ದಸರೆ–ದೀಪಾವಳಿ ಹೊತ್ತಿಗೇ ಮುಗಿಯುತ್ತದೆ. ಇಲ್ಲಿ ಹೋಳಿ ಕಾಲಕ್ಕೆ ಕಾಣುವುದು ಕೊನೆಯ ಕಬ್ಬಿನ ಗಾಡಿಗಳು. ಔರಾದ, ಭಾಲ್ಕಿ ಕಡೆಯ ಮರಾಠಿಯಲ್ಲೂ ಕೊಯ್ಲಿನ ಕಾಲಕ್ಕೆ ‘ಸುಗೀ’ ಎನ್ನುತ್ತಾರೆ, ಹಾಗಾಗಿ ಗಡಿಯ ಶಾಲೆಗಳಲ್ಲಿ ಪದ ತೊಡಕಾಗದು. ಯಾದಗಿರಿಯ ಶಹಾಪುರ, ಸುರಪುರ ಕಾಲುವೆ ಸೀಮೆಯಲ್ಲಿ ಎರಡನೇ ಭತ್ತ ಏಪ್ರಿಲ್–ಮೇಗೆ ಬರುತ್ತದೆ, ಅಲ್ಲಿನ ಮಕ್ಕಳಿಗೆ ಸುಗ್ಗಿ ಎಂದರೆ ನಡುಬೇಸಿಗೆ. ಮೂರಕ್ಕೂ ಒಂದೇ ಚಿತ್ರ ಹೊಂದದು, ಕಲಬುರಗಿಯ ಜೋಳವನ್ನೇ ಇಟ್ಟುಕೊಳ್ಳಿ.

ಮೂಲದಲ್ಲಿ ಮನೆಯ ಆಳು ಒಬ್ಬನಿದ್ದರೆ ಎಚ್ಚರ. ವರ್ಷದ ಆಳಿನ ಕರಾರು ಯುಗಾದಿ ಪಾಡ್ಯದಿಂದ ಪಾಡ್ಯಕ್ಕೆ. ಮರಾಠಿಯಲ್ಲಿ ಅವನು ‘ಸಾಲಗಡಿ’. ಇದರಲ್ಲಿನ ‘ಸಾಲ್’ ಪಾರಸಿಯ ವರ್ಷ, ಕನ್ನಡದ ಕಿವಿಗೆ ಮಾತ್ರ ಅದು ಸಾಲವಾಗಿ ಕೇಳುತ್ತದೆ. ಮುಂಗಡ ತೆಗೆದುಕೊಂಡವನ ಪಾಲಿಗೆ ಅದೂ ನಿಜವೇ. ‘ಜೀತದವನು’ ಎಂದು ಬರೆಯಬೇಡಿ, ಜೀತ ಪದ್ಧತಿ 1976ರ ಕಾಯ್ದೆಯಿಂದ ನಿಷಿದ್ಧ. ‘ಸಂಬಳದಾಳು’ ಸಾಕು.

ಬೇವನ್ನು ಈ ಕಡೆ ಕುಡಿಯುವುದೇ. ತಿದ್ದಿದವರು ಮೈಸೂರು ಕಡೆಯವರಿರಬೇಕು. ಹೊಸ ಗಡಿಗೆಯಲ್ಲಿ ಒಂದು ಲೀಟರ್ ನೀರಿಗೆ ನಿಂಬೆಗಾತ್ರದ ಹುಣಸೆ ಕಿವುಚಿ ಸೋಸಿ, ಸುಮಾರು 200 ಗ್ರಾಂ ಬೆಲ್ಲ ಕರಗಿಸಿ, ಮಾವಿನಕಾಯಿ ಚೂರು, ಬಡೇಸೋಪು, ಕೊಬ್ಬರಿ, ಉತ್ತತ್ತಿ, ದ್ರಾಕ್ಷಿ ಹಾಕುತ್ತಾರೆ. ಪುಠಾಣಿ (ಹುರಿಗಡಲೆ) ಹಿಟ್ಟು ಎರಡು ಚಮಚ, ಅದೂ ಕುಡಿಯುವ ಮುಂಚೆ. ಮೊದಲೇ ಹಾಕಿದರೆ ಉಬ್ಬಿ ಗಂಜಿಯಾಗುತ್ತದೆ. ಬೇವಿನ ಹೂವಿನ ಎಸಳು ಒಂದು ಚಿಟಿಕೆ, ತೊಟ್ಟು ಬಿದ್ದರೆ ಮಕ್ಕಳು ಬಾಯಿಗಿಡುವುದಿಲ್ಲ. ‘ಬೇವು ಕುಡಿದರು’ ಎಂದೇ ಇಡಿ, ಪಕ್ಕದಲ್ಲಿ ತಟ್ಟೆಯ ಬದಲು ಗಡಿಗೆ ಮತ್ತು ಲೋಟ ಬಿಡಿಸಲು ಹೇಳಿ.