ಪದಚರ್ಚೆ: ಸ್ಪೈರೊಮೆಟ್ರಿಗೆ ಏನನ್ನೋಣ? (ತುರ್ತು)

ಆಸ್ಪತ್ರೆಯೊಂದರ ಎದೆರೋಗ ವಿಭಾಗದ ಫಲಕ, ಕರಪತ್ರ ಎರಡೂ ನಾಳೆ ಅಚ್ಚಿಗೆ ಹೋಗಬೇಕು. ಸ್ಪೈರೊಮೆಟ್ರಿ, ಬ್ರಾಂಕೋಸ್ಕೋಪಿ, ಸ್ಪೂಟಮ್ ಟೆಸ್ಟ್‌ಗೆ ಶ್ವಾಸಮಾಪನ, ಶ್ವಾಸನಾಳದರ್ಶನ, ಕಫಪರೀಕ್ಷೆ ಎಂದು ಬರೆದಿಟ್ಟಿದ್ದೇನೆ. ನಡೆಯುತ್ತದೆಯೇ?

— — —

ಮೂರೂ ಸಂಸ್ಕೃತ. ಉಸಿರಳತೆ, ಉಸಿರುಗೊಳವೆ ಇಣುಕು, ಉಗುಳೊರೆ. ಮುಗಿಯಿತು. ತಮಿಳಿನ 'ಉಯಿರ್', ನಮ್ಮ 'ಉಸಿರ್' ಒಂದೇ ಬೇರಿನವು. ಮನೆಯಲ್ಲೇ ಇರುವಾಗ 'ಶ್ವಾಸ'ದ ಸಾಲ ಯಾಕೆ?

— — —

ಮುಗಿದಿಲ್ಲ. 'ಉಗುಳು' ಅಂತ ಅಚ್ಚಾದರೆ ರೋಗಿ ಡಬ್ಬಿಗೆ ಎಂಜಲು ತುಂಬಿ ಕೊಡುತ್ತಾರೆ. ಕ್ಷಯ ಪತ್ತೆಗೆ ಬೇಕಾದ್ದು ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಬರೀ ಎಂಜಲು ಕೊಟ್ಟರೆ ಕಾಯಿಲೆ ಇದ್ದವರಿಗೂ 'ಇಲ್ಲ' ಅಂತ ವರದಿ ಬಂದೀತು. ಕಫ ಎಲ್ಲಿಂದಲೇ ಬಂದಿರಲಿ, ಎಲ್ಲರ ಬಾಯಲ್ಲೂ ಇದೆ. ಅದನ್ನು ಮುಟ್ಟಬೇಡಿ.

'ಉಸಿರಳತೆ' ಓದಿದವರು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಾರೆ ಅಂದುಕೊಳ್ಳುತ್ತಾರೆ. ಅಲ್ಲಿ ನಡೆಯುವುದೇ ಬೇರೆ. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಗಾಳಿ ಎಳೆದು, ಕೊಳವೆಗೆ ತುಟಿ ಬಿಗಿದು, ಒಂದೇ ರಭಸಕ್ಕೆ ಊದಬೇಕು. ಒಳಗೆ ಏನೂ ಉಳಿದಿಲ್ಲ ಅನ್ನಿಸುವ ತನಕ ಊದುತ್ತಲೇ ಇರಬೇಕು. ಮೊದಲ 1 ಸೆಕೆಂಡಿನಲ್ಲಿ ಎಷ್ಟು ಹೊರಬಂತು, ಒಟ್ಟು ಎಷ್ಟು ಬಂತು, ಇದು ಲೆಕ್ಕ. ಕನಿಷ್ಠ 3 ಸಲ. ನನ್ನ ತಂದೆಗೆ ಮಾಡಿಸಿದಾಗ ತಂತ್ರಜ್ಞೆ ಪಕ್ಕದಲ್ಲೇ ನಿಂತು "ಊದಿ, ಊದಿ, ಇನ್ನೂ ಊದಿ" ಎಂದು ಕೂಗುತ್ತಿದ್ದರು. ಪದ ಅಲ್ಲೇ ಇದೆಯಲ್ಲ: ಊದು ಪರೀಕ್ಷೆ. ಫಲಕದಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಸ್ಪೈರೊಮೆಟ್ರಿ ಎಂದಿರಲಿ. ವೈದ್ಯರು ಚೀಟಿಯಲ್ಲಿ ಬರೆಯುವುದು ಅದನ್ನೇ.

ಬ್ರಾಂಕೋಸ್ಕೋಪಿಗೆ ದರ್ಶನವೂ ಬೇಡ, ಇಣುಕೂ ಬೇಡ. ನೋಡುವುದಷ್ಟೇ ಅಲ್ಲ, ತುಣುಕು ತೆಗೆಯುತ್ತಾರೆ, ನೀರು ಬಿಟ್ಟು ಹೀರಿಕೊಳ್ಳುತ್ತಾರೆ. 1897ರಲ್ಲಿ ಜರ್ಮನ್ ವೈದ್ಯ ಕಿಲಿಯನ್ ಮೊದಲ ಸಲ ಹೀಗೆ ಕೊಳವೆ ಇಳಿಸಿದ್ದೂ ಒಳಗೆ ಸಿಕ್ಕಿಕೊಂಡ ಮೂಳೆ ತೆಗೆಯಲಿಕ್ಕೆ. ಹೆಸರು ಹಾಗೇ ಇಟ್ಟು, 'ಉಸಿರುಗೊಳವೆಯೊಳಗೆ ಕ್ಯಾಮೆರಾ ನಳಿಕೆ ಇಳಿಸಿ ಪರೀಕ್ಷಿಸುವುದು' ಎಂದು ಒಂದು ಸಾಲು ಸೇರಿಸಿ.

— — —

ಹಾಗಾದರೆ ಎಲ್ಲವನ್ನೂ ಇಂಗ್ಲಿಷಿಗೇ ಬಿಟ್ಟುಬಿಡಿ. 'ಕ್ಷ-ಕಿರಣ' ಕಟ್ಟಿದವರು ಹೀಗೆ ಕೈಚೆಲ್ಲಲಿಲ್ಲ.

— — —

ಅದರ 'ಕಿರಣ' ಯಾವ ಭಾಷೆಯದು? 1895ರಲ್ಲಿ ಭೌತವಿಜ್ಞಾನಿ ರಾಂಟ್ಜೆನ್ ಗುರುತು ಸಿಗದ ಕಿರಣಕ್ಕೆ ಗಣಿತದ 'ಎಕ್ಸ್' ಇಟ್ಟರು, ನಮ್ಮವರು ಆ ಜಾಗಕ್ಕೆ 'ಕ್ಷ' ತಂದರು. ಒಳ್ಳೆಯ ಕೆಲಸ, ನನಗೆ ಪ್ರೀತಿಯ ಪದ. ಆದರೂ ಅದು ಪಠ್ಯಪುಸ್ತಕದಲ್ಲಿ ಉಳಿಯಿತು, ಜನ ಎಕ್ಸರೇ ತೆಗೆಸಿಕೊಂಡು ಬರುತ್ತಾರೆ.

— — —

'ಊದು ಪರೀಕ್ಷೆ' ಫಲಕಕ್ಕೆ ಹೋಯಿತು. ಕಫದ ಪಕ್ಕ 'ಎಂಜಲಲ್ಲ' ಎಂದೂ ಸೇರಿಸಿದೆ. ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ತುಂಬಿದ ನೀರನ್ನು ಸೂಜಿ ಹಾಕಿ ತೆಗೆಯುತ್ತಾರಲ್ಲ, ಅದೊಂದು ಉಳಿದಿದೆ. ರಾತ್ರಿಯೊಳಗೆ ಯಾರಾದರೂ ಹೇಳಿ.