ಪದಚರ್ಚೆ: ತಪ್ಪಲಿನ ವೈನರಿ, ರೋನ್ ತಳಿ, ಕ್ರಶ್, ಪ್ರೆಸ್, ಕ್ಯಾಪ್ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪಡುವಣ ಮಗ್ಗುಲಲ್ಲಿ, ಎಲ್ ಡೊರಾಡೊ ಕೌಂಟಿಯ ಕಡೆ, ಮನೆಮಂದಿಯೇ ನಡೆಸುವ ಸಣ್ಣ ವೈನರಿಗಳಿವೆ. ಅವುಗಳಲ್ಲಿ ಕೆಲವು ಫ್ರಾನ್ಸಿನ ರೋನ್ ಕಣಿವೆಯ ದ್ರಾಕ್ಷಿಗಳನ್ನೇ ನೆಚ್ಚಿಕೊಂಡಿವೆ: ಸಿರಾ, ಗ್ರೆನಾಶ್, ಮೂರ್ವೆದ್ರ್, ಕೂನ್ವಾಜ್, ಬಿಳಿಯಲ್ಲಿ ವಿಯೊನಿಯೇ, ರೂಸಾನ್, ಮಾರ್ಸಾನ್. ಇಂಥ ಒಂದು ವೈನರಿಯ ಕೆಲಸವನ್ನು ಕನ್ನಡದಲ್ಲಿ ವಿವರಿಸುವಾಗ ಕೆಲವು ಮಾತುಗಳ ಬಳಿ ಬರವಣಿಗೆ ನಿಂತಿದೆ.

‘ವೈನರಿ’ಗೆ ಪತ್ರಿಕೆಗಳಲ್ಲಿ ‘ವೈನ್ ಬಟ್ಟಿ’, ‘ದ್ರಾಕ್ಷಾರಸ ಘಟಕ’, ‘ವೈನ್ ಕಾರ್ಖಾನೆ’ ಮೂರೂ ಕಾಣುತ್ತವೆ. ಯಾವುದು ಸರಿ? ‘ಫುಟ್‌ಹಿಲ್ಸ್’ಗೆ ‘ತಪ್ಪಲು’ ಸಾಕೇ, ‘ಅರೆಮಲೆನಾಡು’ ಅನ್ನಬಹುದೇ? ‘ರೋನ್ ದ್ರಾಕ್ಷಿ’ ಅಂದರೆ ತಪ್ಪಾದೀತೇ? ‘ಕ್ರಶ್’, ‘ಪ್ರೆಸ್’ ಎರಡಕ್ಕೂ ನಿಘಂಟು ‘ಹಿಂಡು’ ಎನ್ನುತ್ತದೆ. ಹುದುಗುವಾಗ ಮೇಲೆ ಕಟ್ಟುವ ಸಿಪ್ಪೆಯ ‘ಕ್ಯಾಪ್’ಗೆ ‘ಟೋಪಿ’ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಓದುವವರಲ್ಲಿ ಅಲ್ಲಿನ ಕನ್ನಡಿಗರೂ ಇದ್ದಾರೆ, ವಿಜಯಪುರ, ಚಿಕ್ಕಬಳ್ಳಾಪುರದ ಬೆಳೆಗಾರರೂ ಇದ್ದಾರೆ. ಇಬ್ಬರಿಗೂ ಒಪ್ಪುವ ಮಾತು ಬೇಕು.

ಉತ್ತರ 1

ಮೊದಲು ‘ಬಟ್ಟಿ’ಯನ್ನು ಕೈಬಿಡಿ. ಬಟ್ಟಿ ಇಳಿಸುವುದೆಂದರೆ ಕಾಯಿಸಿ, ಆವಿಯನ್ನು ತಣಿಸಿ, ಹನಿಯಾಗಿ ಇಳಿಸಿಕೊಳ್ಳುವುದು. ಕಳ್ಳಬಟ್ಟಿ, ಬ್ರಾಂದಿ ಆಗುವುದು ಹಾಗೆ. ವೈನ್ ಆಗುವಾಗ ಒಲೆಯೇ ಇಲ್ಲ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ, ಅಷ್ಟೇ. ‘ವೈನ್ ಬಟ್ಟಿ’ ಎಂದು ಬರೆದವರು ಕೆಲಸದ ಅರ್ಥವನ್ನೇ ತಿರುಗಿಸಿಬಿಟ್ಟಿರುತ್ತಾರೆ. ‘ಕಾರ್ಖಾನೆ’ಯೂ ಬೇಡ, ವರ್ಷಕ್ಕೆ ಕೆಲವೇ ಸಾವಿರ ಪೆಟ್ಟಿಗೆ ತುಂಬುವ ಮನೆಗೆ ಅದು ಹೊಂದುವುದಿಲ್ಲ.

‘ದ್ರಾಕ್ಷಾರಸ’ ಹಳೆಯ, ಗೌರವದ ಮಾತು. ಕನ್ನಡ ಬೈಬಲ್ಲಿನಲ್ಲಿ ವೈನಿಗೆ ಇದೇ ಪದ. ಆದರೆ ಇಂದು ಅಂಗಡಿಯಲ್ಲಿ ‘ದ್ರಾಕ್ಷಿ ರಸ’ ಅಂದರೆ ಹುದುಗದ ಜ್ಯೂಸು. ಒಂದೇ ಬರಹದಲ್ಲಿ ರಸವೂ ವೈನೂ ಬರುವಾಗ ಈ ಎರಡು ಪದ ಒಂದಕ್ಕೊಂದು ತೊಡಕಾಗುತ್ತವೆ. ಇನ್ನು ಆಯುರ್ವೇದದ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳೂ ಹುದುಗಿದವೇ. ಕುದಿಸಿದ ಕಷಾಯದಿಂದ ಆದದ್ದು ಅರಿಷ್ಟ, ಕುದಿಸದೆ ಆದದ್ದು ಆಸವ. ಆ ಲೆಕ್ಕದಲ್ಲಿ ವೈನ್ ಆಸವದ ಬಳಗಕ್ಕೆ ಸೇರಬೇಕು, ಆದರೆ ಆಸವ ಅಂದೊಡನೆ ಔಷಧದ ಬಾಟಲಿಯೇ ಕಣ್ಣಿಗೆ ಬರುತ್ತದೆ. ಆದ್ದರಿಂದ ವೈನನ್ನು ವೈನೆಂದೂ ವೈನರಿಯನ್ನು ವೈನರಿಯೆಂದೂ ಬಿಡುವುದೇ ನನ್ನ ಮತ. ಒಂದು ಎಚ್ಚರಿಕೆ: ನಮ್ಮೂರುಗಳಲ್ಲಿ ‘ವೈನ್ಸ್’ ಎಂಬ ಬೋರ್ಡಿದ್ದರೆ ಅದು ಎಲ್ಲ ಬಗೆಯ ಮದ್ಯ ಮಾರುವ ಅಂಗಡಿ. ಹಾಗಾಗಿ ‘ವೈನ್ ಮನೆ’, ‘ವೈನ್ ಅಂಗಡಿ’ ಎಂಬ ಹೊಸ ಜೋಡಣೆಗಳಿಂದ ದೂರವಿರಿ.

ತಪ್ಪಲು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಂದಿಬೆಟ್ಟದ ತಪ್ಪಲು ಅಂದಾಗ ಬೆಟ್ಟ ಮುಗಿದು ಬಯಲು ಶುರುವಾಗುವ ಜಾಗ ನೆನಪಾಗುತ್ತದೆ. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಶುರುವಾದ ಗ್ರೋವರ್ ಕುಟುಂಬದ ವೈನರಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ (ಅಲ್ಲೂ ಶಿರಾಜ್, ವಿಯೊನಿಯೇ ಇವೆ, ಎರಡೂ ರೋನ್ ಮೂಲದವೇ). ಸಿಯೆರಾದ ಕಥೆ ಬೇರೆ. ಎಲ್ ಡೊರಾಡೊ ಎಂಬ ವೈನ್ ಪ್ರದೇಶಕ್ಕೆ 1983ರಲ್ಲಿ ಗಡಿ ಗೊತ್ತುಮಾಡಿದಾಗ ಎತ್ತರವನ್ನು 1,200ರಿಂದ 3,500 ಅಡಿ ಎಂದು ಹೇಳಿದರು. ಅಂದರೆ ಬಳ್ಳಿಗಳು ಬುಡದಲ್ಲಿಲ್ಲ, ಏಣು ಮತ್ತು ಇಳಿಜಾರುಗಳ ಮೇಲಿವೆ. ಇದಕ್ಕೆ ಕಾರಣವೂ ಇದೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಚಿಗುರಿದ ಬಳ್ಳಿ ತಗ್ಗಿನಲ್ಲಿದ್ದರೆ ಹಿಮಕ್ಕೆ ಕರಕಲಾಗುತ್ತದೆ, ಮೇಲಿನದು ಉಳಿದುಕೊಳ್ಳುತ್ತದೆ. ‘ತಪ್ಪಲು’ ಎಂದಷ್ಟೇ ಬರೆದರೆ ಓದುಗರು ಬಳ್ಳಿಯನ್ನು ತಗ್ಗಿನಲ್ಲಿ ನೆಟ್ಟುಬಿಡುತ್ತಾರೆ!

‘ಅರೆಮಲೆನಾಡು’ ಚೆಂದದ ಮಾತು, ಆದರೆ ಅದರ ಜೀವ ಮಳೆಯಲ್ಲಿದೆ. ಸಿಯೆರಾ ತಪ್ಪಲಿನಲ್ಲಿ ಮಳೆ ಚಳಿಗಾಲದ್ದು; ಬೇಸಿಗೆಯಿಡೀ ಆಕಾಶ ಒಣಗಿರುತ್ತದೆ. ‘ಬಯಲುಸೀಮೆ’ಯ ಜಾಡಿನಲ್ಲಿ ‘ತಪ್ಪಲುಸೀಮೆ’ ಅನ್ನಿ. ಯೂಬಾದಿಂದ ಮಾರಿಪೋಸಾವರೆಗೆ 8 ಕೌಂಟಿಗಳ ಭಾಗಗಳು ಸೇರಿದ ಸಿಯೆರಾ ಫುಟ್‌ಹಿಲ್ಸ್ ಎಂಬ ದೊಡ್ಡ ಪ್ರದೇಶಕ್ಕೂ (1987) ಅದು ಹೊಂದುತ್ತದೆ.

‘ರೋನ್ ದ್ರಾಕ್ಷಿ’ ಅಂದರೆ ರೋನ್ ಕಣಿವೆಯಲ್ಲೇ ಬೆಳೆದದ್ದು ಎಂಬ ಅರ್ಥ ಬರುತ್ತದೆ, ‘ರೋನ್ ವೈನ್’ ಅಂದರೆ ಇನ್ನೂ ತಪ್ಪು. ‘ರೋನ್ ಮೂಲದ ತಳಿ’ ಸರಿ. ‘ಜಾತಿ’ಯನ್ನು ತಳಿಗೆ ಬಳಸಬೇಡಿ. ಈ ಎಲ್ಲ ತಳಿಗಳೂ ವಿನಿಫೆರಾ ಎಂಬ ಒಂದೇ ಜಾತಿಯವು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯಾದರೋ ಲ್ಯಾಬ್ರುಸ್ಕಾ ಎಂಬ ಬೇರೆ ಜಾತಿಯ ನಂಟಿನದು. ತಳಿಯ ಹೆಸರುಗಳನ್ನು ಅನುವಾದಿಸಲೂ ಹೋಗಬೇಡಿ. ‘ಪೆಟೀಟ್ ಸಿರಾ’ವನ್ನು ‘ಚಿಕ್ಕ ಸಿರಾ’ ಎಂದರೆ ಮೋಸ ಹೋದಂತೆ. ಅದರ ನಿಜವಾದ ಹೆಸರು ದ್ಯುರಿಫ್, ಸಿರಾ ಮತ್ತು ಪೆಲೂರ್ಸ್ಯಾಂ ಎರಡರ ಮಗು. ಹೆಸರು ಬೇರೆಯಾದರೂ ಒಂದೇ ಆಗಿರುವವೂ ಇವೆ: ಸಿರಾವೇ ಶಿರಾಜ್, ಗ್ರೆನಾಶೇ ಸ್ಪೇನಿನ ಗಾರ್ನಾಚಾ, ಮೂರ್ವೆದ್ರೇ ಸ್ಪೇನಿನ ಮೊನಸ್ಟ್ರೆಲ್ ಮತ್ತು ಹಳೆಯ ಕ್ಯಾಲಿಫೋರ್ನಿಯಾದ ಮಟಾರೋ. ಮೊದಲ ಸಲ ಬರುವಲ್ಲಿ ಎರಡು ಹೆಸರನ್ನೂ ಕೊಟ್ಟರೆ ಒಳ್ಳೆಯದು.

ಈಗ ಕ್ರಶ್, ಪ್ರೆಸ್. ಇವೆರಡೂ ಬೇರೆ ಬೇರೆ ಕೆಲಸ, ಬೇರೆ ದಿನ. ಕೆಂಪು ವೈನಿಗೆ ಮೊದಲು ಗೊಂಚಲಿನ ತೊಟ್ಟು ಬಿಡಿಸಿ, ಹಣ್ಣಿನ ಸಿಪ್ಪೆ ಬಿರಿಯುವಷ್ಟು ಮಾತ್ರ ಅಮುಕುತ್ತಾರೆ. ಇದು ‘ಒಡೆಯುವುದು’. ‘ಜಜ್ಜುವುದು’ ಅನ್ನಬಾರದು, ಜಜ್ಜಿದರೆ ಬೀಜ ಒಡೆಯುತ್ತದೆ, ಬೀಜದ ಕಹಿ ವೈನಿಗಿಳಿಯುತ್ತದೆ. ಒಡೆದ ಹಣ್ಣು ಸಿಪ್ಪೆಯ ಸಮೇತ 1ರಿಂದ 3 ವಾರ ಹುದುಗಿದ ಮೇಲೆ ರಸ ತೆಗೆಯುವುದು ‘ಹಿಂಡುವುದು’. ವಿಯೊನಿಯೇ, ರೂಸಾನ್‌ಗಳಲ್ಲಿ ಕ್ರಮ ತಿರುವುಮುರುವು: ಮೊದಲು ಹಿಂಡಿ, ಸಿಪ್ಪೆ ತೆಗೆದು, ರಸವನ್ನಷ್ಟೇ ಹುದುಗಿಸುತ್ತಾರೆ. ಎರಡಕ್ಕೂ ‘ಹಿಂಡು’ ಎಂದುಬಿಟ್ಟರೆ ಕೆಂಪಿಗೂ ಬಿಳಿಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಹಿಂಡಿ ಉಳಿದದ್ದಕ್ಕೆ ‘ಹಿಪ್ಪೆ’ ಇದ್ದೇ ಇದೆ.

‘ಹುದುಗು ಬರುವುದು’ ಸರಿ. ‘ಹುಳಿ ಬರುವುದು’ ಎಂದು ಮಾತ್ರ ಬರೆಯಬೇಡಿ. ದೋಸೆಹಿಟ್ಟು ಹುಳಿ ಬಂದರೆ ಗೆದ್ದಂತೆ, ವೈನ್ ಹುಳಿ ತಿರುಗಿದರೆ ವಿನೆಗರ್ ಆದಂತೆ. ಲೆಕ್ಕ ಹೀಗೆ: ಕೊಯ್ಲಿನ ಹೊತ್ತಿಗೆ ಹಣ್ಣಿನ ಸಕ್ಕರೆ 25 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ 25 ಗ್ರಾಂ ಸಕ್ಕರೆ) ಇದ್ದರೆ, 0.58ರಿಂದ ಗುಣಿಸಿ, ಮದ್ಯಸಾರ ಸುಮಾರು 14.5 ಶೇಕಡಾ. ಗ್ರೆನಾಶ್ ಸಕ್ಕರೆಯನ್ನು ಬೇಗ ಕೂಡಿಡುವ ತಳಿ. ಕೊಯ್ಲು ತಡವಾದರೆ ಯೀಸ್ಟ್ ಕೊನೆಯ ಸಕ್ಕರೆಯನ್ನು ಮುಗಿಸಲಾರದೆ ಸೋಲುತ್ತದೆ. ಅದಕ್ಕೆ ‘ಹುದುಗು ನಿಂತುಹೋಯಿತು’ ಎನ್ನುವುದು ಸಹಜ ಕನ್ನಡ.

ಕ್ಯಾಪ್ ಬಗ್ಗೆ. ಹುದುಗುವಾಗ ಏಳುವ ಇಂಗಾಲದ ಡೈಆಕ್ಸೈಡು ಸಿಪ್ಪೆಗಳನ್ನೆಲ್ಲ ಮೇಲಕ್ಕೆ ದೂಡಿ ತೊಟ್ಟಿಯ ಬಾಯಲ್ಲಿ ದಪ್ಪಗೆ ಕಟ್ಟುತ್ತದೆ. ಅದು ಮುಚ್ಚಳವಲ್ಲ, ತೇಲುವ ವಸ್ತು. ‘ತೆಪ್ಪ’ ಅನ್ನಿ, ‘ಸಿಪ್ಪೆಯ ತೆಪ್ಪ’. ದಿನಕ್ಕೆ 2–3 ಸಲ ಅದನ್ನು ರಸದೊಳಕ್ಕೆ ‘ಅದುಮುತ್ತಾರೆ’. ಅದುಮು ಎಂಬ ಕ್ರಿಯಾಪದ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಅದುಮದಿದ್ದರೆ ಮೂರು ತೊಂದರೆ: ಬಣ್ಣ, ಒಗರು ರಸಕ್ಕೆ ಇಳಿಯುವುದಿಲ್ಲ, ತೆಪ್ಪದ ಒಳಗೆ ಬಿಸಿ ಕೂಡಿ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಯೀಸ್ಟ್ ಬಳಲುತ್ತದೆ, ಮೇಲ್ಭಾಗ ಒಣಗಿ ಗಾಳಿ ತಾಗಿ ವಿನೆಗರ್ ವಾಸನೆ ಹಿಡಿಯುತ್ತದೆ.

ಉತ್ತರ 2

ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ, ಒಂದು ಕಡೆ ಬಿಟ್ಟು. ನಮ್ಮ ಬಡಗಣ ಸೀಮೆಯಲ್ಲಿ ‘ತಪ್ಪಲ’ ಅಂದರೆ ಸೊಪ್ಪು, ಎಲೆ. ‘ತಪ್ಪಲ ಪಲ್ಯ’ ಗೊತ್ತಲ್ಲ. ದ್ರಾಕ್ಷಿಯ ಬರಹದಲ್ಲಿ ಎಲೆಯ ಮಾತು ಬಂದೇ ಬರುತ್ತದೆ, ಆದ್ದರಿಂದ ಮೊದಲ ಸಲವಾದರೂ ‘ಬೆಟ್ಟದ ತಪ್ಪಲು’ ಎಂದು ಬಿಡಿಸಿ ಬರೆಯಿರಿ. ‘ತಪ್ಪಲುಸೀಮೆ’ ಆಮೇಲೆ ತಾನಾಗಿ ತಿಳಿಯುತ್ತದೆ.

ವಿಜಯಪುರದ ಕಡೆ ದ್ರಾಕ್ಷಿ ತೋಟಕ್ಕೆ ‘ಪಡ’ ಎನ್ನುತ್ತಾರೆ, ಕಡ್ಡಿ ಕತ್ತರಿಸುವುದಕ್ಕೆ ‘ಚಾಟ್ನಿ’. ‘ಸವರುವಿಕೆ’ ಪುಸ್ತಕದ ಮಾತು. ಆದರೆ ಚಾಟ್ನಿಯನ್ನು ಸಿಯೆರಾಕ್ಕೆ ಹೊತ್ತೊಯ್ಯುವಾಗ ತಿಂಗಳನ್ನು ಹೇಳಲೇಬೇಕು. ನಮ್ಮಲ್ಲಿ ವರ್ಷಕ್ಕೆ ಎರಡು: ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರ್‌ನದು ಹಣ್ಣಿಗೆ. ನಮ್ಮ ಬಳ್ಳಿ ಮಲಗುವುದೇ ಇಲ್ಲ. ಅಲ್ಲಿ ಚಳಿಗೆ ಎಲೆಯೆಲ್ಲ ಉದುರಿ ಬಳ್ಳಿ ಮಲಗಿರುತ್ತದೆ, ಆಗ ಒಂದೇ ಚಾಟ್ನಿ, ಜನವರಿಯಿಂದ ಮಾರ್ಚ್ ನಡುವೆ. ಬೇಗ ಮಾಡಿದರೆ ಬೇಗ ಚಿಗುರಿ ಹಿಮಕ್ಕೆ ಸಿಗುತ್ತದೆ ಎಂದು ತಗ್ಗಿನ ಸಾಲುಗಳನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಹೀಗೆ ಬಳ್ಳಿ ‘ಮಲಗುವುದು’ ಎಂದರೇ ಸಾಕು, ‘ಸುಪ್ತಾವಸ್ಥೆ’ ಬೇಡ.

‘ಚಪ್ಪರ’ ಎಂಬ ಪದವನ್ನೂ ಕಣ್ಣುಮುಚ್ಚಿ ಬಳಸಬೇಡಿ. ಅಲ್ಲಿ ಚಪ್ಪರವಿಲ್ಲ. ಸಿರಾದ ಕುಡಿ ಉದ್ದ ಬೆಳೆದು ಜೋಲುತ್ತದೆ, ಅದಕ್ಕೆ ತಂತಿಸಾಲು ಬೇಕು. ಗ್ರೆನಾಶ್, ಮೂರ್ವೆದ್ರ್ ನೆಟ್ಟಗೆ ನಿಲ್ಲುವ ತಳಿಗಳು, ತಂತಿಯಿಲ್ಲದೆ ಮೋಟು ಗಿಡದಂತೆ ಬೆಳೆಸುವ ಪದ್ಧತಿಯೂ ಉಂಟು. ಕವಲುಗಳು ಬಟ್ಟಲಿನ ಹಾಗೆ ತೆರೆದುಕೊಳ್ಳುತ್ತವೆ. ಇದಕ್ಕೆ ‘ಬಟ್ಟಲುಕಟ್ಟು’ ಆಗಬಹುದೇ ಎಂದು ಬಳಗದವರು ಹೇಳಲಿ.

ಇನ್ನು ಮಣ್ಣು. ಪುಡಿಯಾದ ಗ್ರಾನೈಟಿಗೆ ‘ಗರಸು’ ಅನ್ನಿ, ರೈತರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಹೋಗಬೇಕು, ಹಣ್ಣು ಸಣ್ಣದಾಗಿ ಬಣ್ಣ ಗಟ್ಟಿಯಾಗುತ್ತದೆ.

ಮರುಪ್ರಶ್ನೆ

ತೆಪ್ಪ, ಅದುಮು, ಮಲಗು ಮೂರನ್ನೂ ಬರಹಕ್ಕೆ ಸೇರಿಸಿಕೊಂಡಾಯಿತು. ‘ಬಟ್ಟಲುಕಟ್ಟು’ ಕೂಡ ಚೆನ್ನಾಗಿದೆ. ಇನ್ನು ಐದು ಉಳಿದಿವೆ: ಪೀಪಾಯಿಯ ತಳದಲ್ಲಿ ಕೂರುವ ‘ಲೀಸ್’ ಮತ್ತು ಅದನ್ನು ಬಿಟ್ಟು ಮೇಲಿನದನ್ನು ಸಾಗಿಸುವ ‘ರ‍್ಯಾಕಿಂಗ್’, ಗ್ರೆನಾಶ್, ಸಿರಾ, ಮೂರ್ವೆದ್ರ್ ಸೇರಿಸಿದ ಜಿಎಸ್‌ಎಂಗೆ ‘ಬ್ಲೆಂಡ್’, ಲೇಬಲ್ ಮೇಲಿನ ‘ಎಸ್ಟೇಟ್ ಬಾಟಲ್ಡ್’, ಕಾಡ್ಗಿಚ್ಚಿನ ವರ್ಷದ ‘ಸ್ಮೋಕ್ ಟೇಂಟ್’.

ಉತ್ತರ 3

ಲೀಸ್‌ಗೆ ‘ಗಸಿ’ ಎನ್ನುವ ಆಸೆಯಾಗುತ್ತದೆ, ಆದರೆ ಕರಾವಳಿಯಲ್ಲಿ ಗಸಿ ಊಟದ ಎಲೆಗೆ ಬರುವ ಪದಾರ್ಥ. ‘ಮಡ್ಡಿ’ ಮೇಲು. ರ‍್ಯಾಕಿಂಗ್‌ಗೆ ‘ತಿಳಿ ಬಸಿಯುವುದು’. ಗಂಜಿ ಬಸಿದ ಕೈಗೆ ಇದನ್ನು ವಿವರಿಸಬೇಕಾಗಿಲ್ಲ: ಅಲುಗಿಸದೆ, ಮಡ್ಡಿ ಕದಡದೆ, ತಿಳಿಯನ್ನಷ್ಟೇ ಬೇರೆ ಪೀಪಾಯಿಗೆ. ಈ ಕೆಲಸದಲ್ಲಿ ತಳಿಯ ಗುಣ ನೋಡಬೇಕು. ಮೂರ್ವೆದ್ರ್ ಮುಚ್ಚಿಟ್ಟಲ್ಲೇ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಹಿಡಿಯುತ್ತದೆ, ಅದನ್ನು ಬಸಿಯುವಾಗ ಗಾಳಿಯಾಡಿಸುತ್ತಾರೆ. ಗ್ರೆನಾಶ್‌ಗೆ ಗಾಳಿ ಆಗದು, ಬೇಗ ಬಣ್ಣ ಮಾಸಿ ಕಂದುತ್ತದೆ. ಅದಕ್ಕೇ 225 ಲೀಟರಿನ ಸಣ್ಣ ಪೀಪಾಯಿಗಿಂತ 600 ಲೀಟರಿನದೋ ಇನ್ನೂ ದೊಡ್ಡದೋ ಮೇಲು. ಪೀಪಾಯಿಯಲ್ಲಿ ಆವಿಯಾಗಿ ಕಡಿಮೆಯಾದಷ್ಟನ್ನು ಆಗಾಗ ತುಂಬಬೇಕು. ಇದಕ್ಕೆ ‘ಬಾಯಿಮಟ್ಟ ತುಂಬುವುದು’ ಎಂದರೆ ಸಾಕು.

ಬ್ಲೆಂಡ್‌ಗೆ ‘ಬೆರಕೆ’ ಬೇಡವೇ ಬೇಡ, ಹಿಂದೆಯೇ ‘ಕಲಬೆರಕೆ’ ನಿಂತಿದೆ. ‘ಕೂಡಿಕೆ’ ಅಥವಾ ಸರಳವಾಗಿ ‘ಮಿಶ್ರಣ’. ಗ್ರೆನಾಶ್ ಮೈಯನ್ನೂ ಕೆಂಪು ಹಣ್ಣಿನ ರುಚಿಯನ್ನೂ ಕೊಡುತ್ತದೆ, ಸಿರಾ ಬಣ್ಣ, ಮೂರ್ವೆದ್ರ್ ಒಗರು. ಸಿಪ್ಪೆ, ಬೀಜದಿಂದ ಇಳಿಯುವ ಟ್ಯಾನಿನ್‌ಗೆ ‘ಒಗರು’ ಎಂಬ ಪದವಿರುವಾಗ ‘ಕಹಿ’ ಎಂದು ಬರೆಯುವುದು ನಮ್ಮ ನಾಲಗೆಗೆ ಮಾಡುವ ಅನ್ಯಾಯ. ಎಳೆ ಅಡಕೆಯ, ಬಾಳೆಕಾಯಿಯ ಒಗರು ಬಲ್ಲವರಿಗೆ ಅದು ಕೂಡಲೇ ಹಿಡಿಯುತ್ತದೆ.

‘ಎಸ್ಟೇಟ್’ ಎಂದು ಬಿಟ್ಟರೆ ಕನ್ನಡಿಗರು ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಇಲ್ಲಿ ಅದು ಕಾನೂನಿನ ಮಾತು: ವೈನರಿಯೂ ತೋಟವೂ ಲೇಬಲ್ಲಿನ ಅದೇ ಪ್ರದೇಶದಲ್ಲಿರಬೇಕು, ಹಣ್ಣು ಪೂರ್ತಿ 100 ಶೇಕಡಾ ಅವರದೇ ಅಥವಾ ಅವರ ಹತೋಟಿಯಲ್ಲಿರುವ ನೆಲದ್ದಾಗಿರಬೇಕು, ಒಡೆಯುವುದರಿಂದ ಬಾಟಲಿಗೆ ತುಂಬುವವರೆಗೆ ಎಲ್ಲವೂ ಅಲ್ಲೇ ನಡೆಯಬೇಕು. ‘ಸ್ವಂತ ತೋಟದ್ದು, ಅಲ್ಲೇ ತುಂಬಿದ್ದು’ ಎಂದು ಬರೆಯಿರಿ. ಬರೀ ‘ಎಲ್ ಡೊರಾಡೊ’ ಎಂದಿದ್ದರೆ 85 ಶೇಕಡಾ ಹಣ್ಣು ಆ ಪ್ರದೇಶದ್ದಾದರೆ ಸಾಕು. ‘ಸಿರಾ’ ಎಂದಿದ್ದರೆ 75 ಶೇಕಡಾ ಸಿರಾ. ಮೂರೂ ಬೇರೆ ಬೇರೆ ಭರವಸೆಗಳು, ಅನುವಾದದಲ್ಲಿ ಒಂದಾಗಬಾರದು. ಮೊದಲ ಪ್ರಶ್ನೆಯಲ್ಲಿನ ‘ಮನೆಮಂದಿಯೇ ನಡೆಸುವ’ ಚೆನ್ನಾಗಿದೆ, ಹಾಗೆಯೇ ಇರಲಿ. ‘ಮನೆತನದ’ ಅಂದರೆ ತಲೆಮಾರುಗಳ ಲೆಕ್ಕ ಬೇಕಾಗುತ್ತದೆ.

ಸ್ಮೋಕ್ ಟೇಂಟ್‌ಗೆ ‘ಹೊಗೆ ಕಲೆ’ ಅನ್ನಬೇಡಿ, ಕಣ್ಣಿಗೆ ಏನೂ ಕಾಣುವುದಿಲ್ಲ. ‘ಹೊಗೆ ಹತ್ತಿದ ಹಣ್ಣು’ ಅನ್ನಿ. 2021ರ ಆಗಸ್ಟ್‌ನಲ್ಲಿ ಎಲ್ ಡೊರಾಡೊದಲ್ಲಿ ಹೊತ್ತಿದ ಕಾಲ್ಡೋರ್ ಕಾಡ್ಗಿಚ್ಚು 2 ಲಕ್ಷ ಎಕರೆಗೂ ಮಿಕ್ಕಿ ಸುಟ್ಟಿತು, ಹಣ್ಣು ಬಣ್ಣ ತಿರುಗುವ ಕಾಲದಲ್ಲೇ. ಹೊಗೆಯಲ್ಲಿರುವ ಗ್ವಾಯಕಾಲ್ ಮುಂತಾದ ರಾಸಾಯನಿಕಗಳು ಹಣ್ಣಿನೊಳಕ್ಕೆ ಹೋಗಿ ಸಕ್ಕರೆಗೆ ಅಂಟಿಕೊಂಡು ಅಡಗುತ್ತವೆ. ಹಣ್ಣು ತಿಂದರೆ ಗೊತ್ತಾಗದು. ಹುದುಗುವಾಗ, ಆಮೇಲೆ ಬಾಯಲ್ಲೂ, ಆ ಅಂಟು ಬಿಟ್ಟು ಬೂದಿಯ ರುಚಿ ಏಳುತ್ತದೆ. ಅದಕ್ಕೇ ಕೊಯ್ಲಿಗೆ ಮುಂಚೆ ಒಂದು ಬಕೆಟ್ ಹಣ್ಣನ್ನು ಹುದುಗಿಸಿ, ಪ್ರಯೋಗಾಲಯಕ್ಕೆ ಕಳಿಸಿ ನೋಡುತ್ತಾರೆ. ಅಲ್ಪಸ್ವಲ್ಪ ಹತ್ತಿದ್ದರೆ ಕೆಂಪು ವೈನಿನ ಆಸೆ ಬಿಟ್ಟು, ಬೇಗ ಹಿಂಡಿ ಸಿಪ್ಪೆಯ ಸಂಗ ತಪ್ಪಿಸಿ, ನಸುಗೆಂಪು ವೈನಿಗೆ ತಿರುಗಿಸುತ್ತಾರೆ. ಈ ‘ನಸುಗೆಂಪು’ ರೋಜೆಗೆ ಒಪ್ಪುತ್ತದೆ. ‘ಗುಲಾಬಿ ವೈನ್’ ಅಂದರೆ ಹೂವಿನಿಂದ ಮಾಡಿದ್ದೆಂದು ತಿಳಿದುಕೊಂಡಾರು.