ಭೂರಹಿತರಿಗೆ ಫ್ಲಾಟೋ ಬಿಡಿ ಮನೆಯೋ: ಖರ್ಚು, ಪ್ರಯೋಜನಗಳ ಲೆಕ್ಕ ಹೇಗೆ?

ಪ್ರಶ್ನೆ (ಬದಿಯಡ್ಕ):
ಸ್ವಂತ ಜಾಗವಿಲ್ಲದ ಕುಟುಂಬಗಳಿಗಾಗಿ ಸರಕಾರಿ ಜಾಗದಲ್ಲಿ ಫ್ಲಾಟ್ ಸಮುಚ್ಚಯ ಕಟ್ಟಬೇಕೆಂದು ನಮ್ಮಲ್ಲಿ ಕೆಲವರು ವಾದಿಸಿದರೆ, ಆ ಜಾಗವನ್ನೇ 3 ಸೆಂಟ್ಸಿನಂತೆ ಹಂಚಿ, ಕೇರಳ ಸರಕಾರದ ವಸತಿ ಯೋಜನೆಯಾದ ಲೈಫ್ ಮಿಷನ್ನಿನ 4 ಲಕ್ಷ ರೂಪಾಯಿ ನೆರವಿನಲ್ಲಿ ಬಿಡಿ ಮನೆ ಕಟ್ಟಿಸಬೇಕೆಂಬುದು ಉಳಿದವರ ಅಭಿಪ್ರಾಯ. ಗ್ರಾಮಸಭೆಯ ಚರ್ಚೆ ಮಾತ್ರ ಚದರ ಅಡಿಯ ದರದಲ್ಲೇ ನಿಂತುಬಿಡುತ್ತದೆ. ಬೇರೆ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಜೇಶ್ವರ):
ಜಾಗ ಸರಕಾರದ್ದೆಂದು ಅದರ ಬೆಲೆಯನ್ನು ಸೊನ್ನೆ ಎಂದು ಬರೆಯಬಾರದು. ಅಲ್ಲಿ ಆಗಬಹುದಾಗಿದ್ದ ಅಂಗನವಾಡಿಯನ್ನೋ ಆಟದ ಬಯಲನ್ನೋ ಬಿಟ್ಟುಕೊಟ್ಟದ್ದೂ ಖರ್ಚೇ. ಈ ದೃಷ್ಟಿಯಿಂದ ಕಡಿಮೆ ಜಾಗದಲ್ಲಿ ಹೆಚ್ಚು ಕುಟುಂಬಗಳಿಗೆ ನೆಲೆ ಕೊಡುವ ಫ್ಲಾಟಿಗೆ ನಿಜವಾದ ಅನುಕೂಲವಿದೆ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಾರಸಿಯ ಸೋರಿಕೆ, ನೀರೆತ್ತುವ ಪಂಪು, ಶೌಚದ ಹೊಂಡ, ಮೆಟ್ಟಿಲ ದೀಪ ಇವುಗಳ ಮೂವತ್ತು ವರ್ಷದ ನಿರ್ವಹಣೆಯನ್ನು ಯಾರು ಭರಿಸುತ್ತಾರೆಂಬುದು ಕಟ್ಟುವ ಮೊದಲೇ ನಿಶ್ಚಯವಾಗಬೇಕು. 1972ರಲ್ಲಿ ಆರಂಭವಾದ ಕೇರಳದ ಲಕ್ಷಂವೀಡು (ಲಕ್ಷ ಮನೆ) ಯೋಜನೆಯಲ್ಲಿ ಒಂದೇ ಗೋಡೆಯ ಎರಡು ಬದಿಗೆ ಎರಡು ಕುಟುಂಬಗಳಿದ್ದ ಮನೆಗಳಿದ್ದವು. ಒಬ್ಬರು ಮನೆ ಕೆಡವಿ ಕಟ್ಟಹೊರಟರೆ ಇನ್ನೊಬ್ಬರ ಮಾಡಿಗೇ ಆಪತ್ತು. ಹಂಚಿಕೊಂಡ ಕಟ್ಟಡದ ಈ ತೊಡಕು ಎಸ್ಟಿಮೇಟಿನಲ್ಲಿ ಕಾಣುವುದಿಲ್ಲ.

ಉತ್ತರ 2 (ಎಣ್ಮಕಜೆ):
ಮೇಲಿನವರ ಮಾತು ಸರಿ, ಆದರೆ ಒಳಗೆ ಬದುಕುವವರ ದುಡಿಮೆಯನ್ನೂ ನೋಡಬೇಕು. ಇಲ್ಲಿನ ಎಷ್ಟೋ ಹೆಂಗಸರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ, ಅಡಿಕೆ ಸುಲಿಯುತ್ತಾರೆ. ಮೂರನೆಯ ಮಾಳಿಗೆಗೆ ಅಡಿಕೆಯ ಗೋಣಿ ಹೊರುವುದು ಹೇಗೆ, ಸುಲಿದ ಸಿಪ್ಪೆ ರಾಶಿ ಹಾಕುವುದೆಲ್ಲಿ, ಆಡು ಕಟ್ಟುವುದೆಲ್ಲಿ? ಅಂಗಳ ಹೋದರೆ ಆ ಆದಾಯವೂ ಹೋಗುತ್ತದೆ, ಅದನ್ನು ಖರ್ಚಿನ ಕಡೆಗೇ ಬರೆಯಬೇಕು. ಪೇಟೆಯಿಂದ ದೂರವಾದರೆ ಬಸ್ಸಿನ ಖರ್ಚೂ ಅದರ ಜೊತೆಗೆ ಸೇರುತ್ತದೆ. ಪ್ರಯೋಜನದ ಕಡೆ ಉಳಿತಾಯವಾದ ಬಾಡಿಗೆಯನ್ನೇ ದೊಡ್ಡದಾಗಿ ತೋರಿಸುವುದು ಪೂರ್ತಿ ಸರಿಯಲ್ಲ, ಏಕೆಂದರೆ ಕುಟುಂಬಕ್ಕೆ ಉಳಿದದ್ದು ಮನೆಯೊಡೆಯನಿಗೆ ನಷ್ಟ. ಮಕ್ಕಳು ಶಾಲೆ ಬದಲಿಸಬೇಕಾಗಿಲ್ಲದಿರುವುದು, ಮಳೆಗಾಲದಲ್ಲಿ ಒಣಗಿದ ನೆಲದ ಮೇಲೆ ಮಲಗುವುದು, ಒಕ್ಕಲೆಬ್ಬಿಸುವವರ ಭಯವಿಲ್ಲದಿರುವುದು ಇವೇ ಊರಿಗೆಲ್ಲ ಸಲ್ಲುವ ಲಾಭ.

ಉತ್ತರ 3 (ಕುಂಬಳೆ):
ಒಂದು ಎಚ್ಚರಿಕೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ (ಗ್ರಾಮೀಣ) ಫಲಾನುಭವಿಗೆ ಬಯಲು ಪ್ರದೇಶದಲ್ಲಿ 1.2 ಲಕ್ಷ ರೂಪಾಯಿ ನಿಗದಿಯಾಗಿದ್ದು, ಅದರಲ್ಲಿ ಕೇಂದ್ರದ ಪಾಲು 72,000 ರೂಪಾಯಿ. ಲೈಫ್ ಮಿಷನ್ನಿನಲ್ಲಿ ಅಂಥ ಮನೆಗೆ ಸಿಗುವ 4 ಲಕ್ಷದೊಳಗೇ ಈ ಮೊತ್ತವೂ ಸೇರಿರುವುದರಿಂದ ಎರಡು ಸಲ ಎಣಿಸಬಾರದು. ಕೇಂದ್ರದ ಹಣ ಪಂಚಾಯತಿಗೆ ಹೊರೆಯಲ್ಲದಿದ್ದರೂ ದೇಶಕ್ಕೆ ಖರ್ಚೇ ಆದುದರಿಂದ, ಯಾರ ದೃಷ್ಟಿಯ ಲೆಕ್ಕವೆಂದು ಮೊದಲ ಸಾಲಿನಲ್ಲೇ ಬರೆಯಿರಿ. ಮತ್ತೆ, ಪಟ್ಟಿಯಲ್ಲಿರುವ ಕುಟುಂಬಗಳನ್ನೇ ಕೂರಿಸಿ ಯಾವುದು ಬೇಕೆಂದು ಕೇಳಿರಿ. ಒಂಟಿಯಾಗಿರುವ ವೃದ್ಧರಿಗೆ ನೆಲ ಅಂತಸ್ತಿನ ಫ್ಲಾಟೇ ಹಿತವೆನಿಸಬಹುದು, ಆಡು ಸಾಕುವವರು ಅದನ್ನು ಒಪ್ಪಲಿಕ್ಕಿಲ್ಲ.